ತಂಗಿಯ ಶುಗರ್ ಯಾಕೆ ಬೀಳುತ್ತಿತ್ತು: ಕಾರಣ ಸಿಗುವವರೆಗಿನ ಓಡಾಟ, ಸಿಕ್ಕ ಮೇಲಿನ ಓಡಾಟ

ತಂಗಿಯ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ. ಅವಳ ಹೆಸರು, ಆಸ್ಪತ್ರೆಗಳ ಹೆಸರು ಹಾಕಿಲ್ಲ. ಗುರುತು ಸಿಗುವಂಥ ಒಂದೆರಡು ವಿವರ ಬದಲಿಸಿದ್ದೇನೆ. ಮನೆಯವರೇ ಒಬ್ಬರು ತಮ್ಮ ಮೈಗೆ ತಾವೇ ಕಾಯಿಲೆ ತಂದುಕೊಳ್ಳುತ್ತಿದ್ದಾರೆ ಅಂತ ಡಾಕ್ಟರ್ ಹೇಳಿದಾಗ, ಮುಂದೆ ಏನು ಮಾಡಬೇಕು ಅಂತ ಹೇಳುವವರು ನಮಗೆ ಯಾರೂ ಸಿಗಲಿಲ್ಲ. ಆ ಸ್ಥಿತಿಯಲ್ಲಿ ಈಗ ಇರುವವರಿಗಾಗಿ ಬರೆಯುತ್ತಿದ್ದೇನೆ.

ನಮ್ಮೂರು ದಾವಣಗೆರೆ. ಮನೆಯಲ್ಲಿ ಅವ್ವ, ಅಣ್ಣ, ಅತ್ತಿಗೆ, ತಂಗಿ ಇದ್ದಾರೆ. ನಾನು ಮದುವೆಯಾಗಿ ಬೆಂಗಳೂರಿಗೆ ಬಂದವಳು. ಅವ್ವನಿಗೆ ಬಹಳ ವರ್ಷದಿಂದ ಸಕ್ಕರೆ ಕಾಯಿಲೆ. ಕಾಲಿನ ಗಾಯ ಮಾಯದೆ ಒಂದು ಬೆರಳು ತೆಗೆಸಬೇಕಾಗಿ ಬಂದಾಗ, ನರ್ಸಿಂಗ್ ಹೋಮಲ್ಲಿ ಕೆಲಸ ಮಾಡುತ್ತಿದ್ದ ತಂಗಿ ಕೆಲಸ ಬಿಟ್ಟು ಮನೆಯಲ್ಲೇ ನಿಂತಳು. ಡ್ರೆಸ್ಸಿಂಗ್, ಇನ್ಸುಲಿನ್, ಪಥ್ಯದ ಅಡುಗೆ ಎಲ್ಲಾ ಅವಳದೇ. ಅವ್ವ ಎದ್ದು ಓಡಾಡುವ ಹಾಗಾದಳು. ತಂಗಿ ಮಾತ್ರ ಕೆಲಸಕ್ಕೆ ವಾಪಸ್ ಹೋಗಲಿಲ್ಲ.

ಒಂದು ಬೆಳಗ್ಗೆ ಅಣ್ಣನ ಫೋನ್ ಬಂತು. ತಂಗಿ ಏಳುತ್ತಿಲ್ಲ, ಮೈಯೆಲ್ಲ ಬೆವರು, ಮಾತು ತೊದಲುತ್ತಿದೆ ಅಂದ. ಅವ್ವನ ಗ್ಲುಕೋಮೀಟರಲ್ಲಿ ನೋಡಿದರೆ 38. ಆಸ್ಪತ್ರೆಯಲ್ಲಿ ಡೆಕ್ಸ್‌ಟ್ರೋಸ್, ಅಂದರೆ ಸಕ್ಕರೆ ಅಂಶದ ಡ್ರಿಪ್, ಏರಿಸಿದರು. ಸ್ವಲ್ಪ ಹೊತ್ತಿಗೆ ಎದ್ದು ಕೂತು, ಯಾಕೆ ಎಲ್ಲರೂ ಬಂದಿದ್ದೀರಿ ಅಂತ ಕೇಳಿದಳಂತೆ. ಊಟ ಬಿಟ್ಟಿರಬೇಕು, ನಿಶ್ಶಕ್ತಿ ಅಂತ ಹೇಳಿ ಮನೆಗೆ ಕಳಿಸಿದರು. ವಾರ ಕಳೆಯುವುದರಲ್ಲಿ ಮತ್ತೆ ಹಾಗೇ ಆಯಿತು. ಆಮೇಲೆ ಅದು ನಿಲ್ಲಲೇ ಇಲ್ಲ.

ಸಕ್ಕರೆ ಕಾಯಿಲೆ ಇಲ್ಲದವರಲ್ಲಿ ಶುಗರ್ 55ಕ್ಕಿಂತ ಕೆಳಗೆ ಇಳಿದು, ಜೊತೆಗೆ ಬೆವರು, ಗೊಂದಲ, ನಡುಕ ಇದ್ದು, ಸಕ್ಕರೆ ಕೊಟ್ಟ ಕೂಡಲೇ ಸರಿಹೋದರೆ ಅದಕ್ಕೊಂದು ಕಾರಣ ಹುಡುಕಲೇಬೇಕು. ನಿಶ್ಶಕ್ತಿ ಅಂತ ಬಿಡುವ ವಿಷಯ ಅಲ್ಲ. ಇದು ನಮಗೆ ಗೊತ್ತಾಗಿದ್ದು ಎಷ್ಟೋ ತಡವಾಗಿ. ಲಿವರ್, ಕಿಡ್ನಿ, ಥೈರಾಯ್ಡ್, ಕಾರ್ಟಿಸಾಲ್ ಎಲ್ಲಾ ಮಾಡಿಸಿದೆವು. ಎಲ್ಲವೂ ಸರಿ ಇತ್ತು. ಅವ್ವ ದುಗ್ಗಮ್ಮನಿಗೆ ಹರಕೆ ಹೊತ್ತಳು. ಯಾರೋ ಮಾಟ ಮಾಡಿಸಿದ್ದಾರೆ ಅಂತ ನೆಂಟರು ಹೇಳತೊಡಗಿದರು.

ಕೊನೆಗೆ ಒಬ್ಬ ಫಿಸಿಶಿಯನ್ ಇನ್ಸುಲಿನೋಮಾ ಇರಬಹುದು ಅಂದರು. ಮೇದೋಜೀರಕ ಗ್ರಂಥಿಯಲ್ಲಿ ಬರುವ ಸಣ್ಣ ಗಡ್ಡೆ ಇದು. ಬೇಡದ ಹೊತ್ತಿನಲ್ಲೂ ಇನ್ಸುಲಿನ್ ಸುರಿಸುತ್ತದೆ. ಬಹಳ ಅಪರೂಪ, ಆದರೆ ಆಪರೇಶನ್ ಮಾಡಿದರೆ ಹೆಚ್ಚಿನವರಿಗೆ ಪೂರ್ತಿ ವಾಸಿಯಾಗುತ್ತದೆ. ಸಿಟಿ ಸ್ಕ್ಯಾನಲ್ಲಿ ಗ್ರಂಥಿಯ ಬಾಲದ ಕಡೆ ಏನೋ ಸಂಶಯದ ಚುಕ್ಕೆ ಇದೆ ಅಂತ ವರದಿ ಬಂತು. ನಿಜ ಹೇಳಬೇಕೆಂದರೆ ಅವತ್ತು ಮನೆಯಲ್ಲಿ ಎಲ್ಲರಿಗೂ ಸಮಾಧಾನವಾಯಿತು. ಕಾಯಿಲೆಗೆ ಒಂದು ಹೆಸರು ಸಿಕ್ಕಿತ್ತು. ಅಣ್ಣ ಬಂಗಾರ ಬ್ಯಾಂಕಿನಲ್ಲಿಟ್ಟು ಆಪರೇಶನ್‌ಗೆ ದುಡ್ಡು ಹೊಂದಿಸಿದ.

ಅಲ್ಲಿ ನಮ್ಮನ್ನು ಕಾಪಾಡಿದವರು ಸರ್ಜನ್. ಫೈಲ್ ತಿರುವಿ ನೋಡಿ, "ಶುಗರ್ ಬಿದ್ದಾಗ ತೆಗೆದ ರಕ್ತದಲ್ಲಿ ಇನ್ಸುಲಿನ್ ಎಷ್ಟಿತ್ತು ಅನ್ನೋ ವರದಿ ಇಲ್ಲವಲ್ಲ" ಅಂದರು. ಅದಿಲ್ಲದೆ ಚಾಕು ಹಿಡಿಯುವುದಿಲ್ಲ, ಮೊದಲು ಎಂಡೋಕ್ರೈನಾಲಜಿಸ್ಟ್, ಅಂದರೆ ಹಾರ್ಮೋನ್ ತಜ್ಞರು, ನೋಡಲಿ ಅಂತ ಬೆಂಗಳೂರಿಗೆ ಕಳಿಸಿದರು. ನಿಮ್ಮ ಮನೆಯಲ್ಲಿ ಇಂಥ ಆಪರೇಶನ್ ಮಾತು ಬಂದಿದ್ದರೆ ಇದೊಂದು ಪ್ರಶ್ನೆ ನೀವೂ ಕೇಳಿ. ಸ್ಕ್ಯಾನಲ್ಲಿ ಕಾಣುವ ಚುಕ್ಕೆಗಿಂತ ಮೊದಲು ರಕ್ತ ಮಾತಾಡಬೇಕು.

ಬೆಂಗಳೂರಿನ ಡಾಕ್ಟರ್ ಮೊದಲ ದಿನವೇ ಕೇಳಿದ್ದು, ಮನೆಯಲ್ಲಿ ಯಾರಿಗೆ ಶುಗರ್ ಇದೆ, ಯಾವ ಯಾವ ಔಷಧಿ ಇದೆ ಅಂತ. ಎಲ್ಲಾ ಮಾತ್ರೆಯ ಪಟ್ಟಿಗಳನ್ನೂ ತರಿಸಿ ನೋಡಿದರು. ಅದರಲ್ಲಿ ಅನುಮಾನದ ಧ್ವನಿ ಇರಲಿಲ್ಲ. ಶುಗರ್ ಮಾತ್ರೆಯನ್ನು ಬೇರೆ ಮಾತ್ರೆ ಅಂದುಕೊಂಡು ನುಂಗುವುದು, ಮೆಡಿಕಲ್ ಶಾಪಲ್ಲಿ ತಪ್ಪಿ ಕೊಡುವುದು ಇದೆಲ್ಲ ಆಗುತ್ತದಂತೆ. ಹೀಗೆ ಕೇಳಿದಾಗ ಬೇಜಾರು ಮಾಡಿಕೊಳ್ಳಬೇಡಿ. ಮನೆಯಲ್ಲಿರುವ ಎಲ್ಲರ ಔಷಧಿಯನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ.

ಆಮೇಲೆ 72 ಗಂಟೆ ಉಪವಾಸದ ಪರೀಕ್ಷೆ. ವಾರ್ಡಲ್ಲಿ ದಾಖಲು ಮಾಡಿಕೊಂಡು ಬರೀ ನೀರು ಕೊಟ್ಟು, ಆರು ಗಂಟೆಗೊಮ್ಮೆ ರಕ್ತ ತೆಗೆಯುತ್ತಾರೆ. ಶುಗರ್ 60ಕ್ಕಿಂತ ಕೆಳಗೆ ಹೋದರೆ ಇನ್ನೂ ಬೇಗ ಬೇಗ ನೋಡುತ್ತಾರೆ. ಇನ್ಸುಲಿನೋಮಾ ಇರುವ ಬಹುಪಾಲು ಜನರಿಗೆ 48 ಗಂಟೆಯೊಳಗೇ ಶುಗರ್ ಬಿದ್ದುಬಿಡುತ್ತದೆ. ನೋಡುವವರಿಗೆ ಇದು ತುಂಬಾ ಕಷ್ಟ. ಪಕ್ಕದ ಹಾಸಿಗೆಗೆ ಊಟ ಬಂದಾಗ ನಾನು ಎದ್ದು ಹೊರಗೆ ಹೋಗುತ್ತಿದ್ದೆ. ತಂಗಿಗೆ ಮಾತ್ರ ಏನೂ ಆಗಲಿಲ್ಲ. ಶುಗರ್ 65, 70ರ ಆಸುಪಾಸಲ್ಲೇ ನಿಂತಿತು. ರಕ್ತದಲ್ಲಿ ಕೀಟೋನ್, ಅಂದರೆ ಮೈ ಕೊಬ್ಬು ಕರಗಿಸುವಾಗ ಬರುವ ಅಂಶ, ಏರಿತು. ಆರೋಗ್ಯವಂತರು ಉಪವಾಸ ಇದ್ದರೆ ಹೀಗೇ ಆಗುತ್ತದೆ ಅಂದರು. ಊರಿಗೆ ವಾಪಸ್ ಹೋದ ಮೇಲೆ ಮತ್ತೆ ಶುಗರ್ ಬಿತ್ತು.

ಆಗ ಡಾಕ್ಟರ್ ಒಂದು ಪತ್ರ ಬರೆದುಕೊಟ್ಟರು. ಮುಂದಿನ ಸಲ ಹೀಗಾದಾಗ ಡ್ರಿಪ್‌ಗೆ ಸೂಜಿ ಚುಚ್ಚಿದ ಕೂಡಲೇ, ಡೆಕ್ಸ್‌ಟ್ರೋಸ್ ಹಾಕುವ ಮುಂಚೆ ರಕ್ತ ತೆಗೆದಿಡಿ ಅಂತ. ಗ್ಲುಕೋಸ್, ಇನ್ಸುಲಿನ್, ಸಿ-ಪೆಪ್ಟೈಡ್, ಕೀಟೋನ್ ಇವಿಷ್ಟಕ್ಕೆ. ಡೆಕ್ಸ್‌ಟ್ರೋಸ್ ತಡ ಮಾಡುವಂತಿಲ್ಲ, ಅರೆ ನಿಮಿಷದ ಕೆಲಸ ಅಷ್ಟೆ. ಆದರೆ ಕ್ಯಾಶುವಾಲ್ಟಿಯಲ್ಲಿ ಇದನ್ನು ಮಾಡಿಸುವುದು ಸುಲಭ ಅಲ್ಲ. ಗ್ಲುಕೋಸ್‌ಗೆ ಬೂದು ಮುಚ್ಚಳದ ಟ್ಯೂಬ್ ಬೇಕು. ಬೇರೆ ಟ್ಯೂಬಲ್ಲಿ ರಕ್ತ ಸುಮ್ನೆ ಇಟ್ಟರೆ ಅದರಲ್ಲಿನ ಸಕ್ಕರೆ ತಾನಾಗೇ ಕಡಿಮೆಯಾಗುತ್ತಾ ಹೋಗುತ್ತದೆ. ಇನ್ಸುಲಿನ್ ಮಾದರಿಯನ್ನು ತಣ್ಣಗಿಟ್ಟು ಬೇಗ ಲ್ಯಾಬಿಗೆ ಮುಟ್ಟಿಸಬೇಕು. ಮೊದಲ ಸಲ ಡ್ಯೂಟಿಯಲ್ಲಿದ್ದವರು ಪತ್ರ ಓದಲೂ ಇಲ್ಲ. ಆಮೇಲೆ ಅಣ್ಣ ಮುಂಚೆಯೇ ಹೋಗಿ ಅಲ್ಲಿನ ಹಿರಿಯ ಸಿಸ್ಟರ್ ಹತ್ತಿರ ಮಾತಾಡಿ, ಪತ್ರದ ಪ್ರತಿ ಕೊಟ್ಟು ಬಂದ. ಆಗ ಕೆಲಸ ಆಯಿತು.

ವರದಿ ಬಂತು. ಗ್ಲುಕೋಸ್ 34. ಸಿ-ಪೆಪ್ಟೈಡ್ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಇನ್ಸುಲಿನ್ ಕೂಡ ಕಡಿಮೆ. ನಮಗೆ ಇದರಿಂದ ಏನೂ ಅರ್ಥವಾಗಲಿಲ್ಲ. ಡಾಕ್ಟರ್ ಮಾತ್ರ ಕೀಟೋನ್ ಸಂಖ್ಯೆಯ ಮೇಲೆ ಬೆರಳಿಟ್ಟು ಬಹಳ ಹೊತ್ತು ಕೂತರು. ಇನ್ಸುಲಿನ್ ನಿಜವಾಗಿ ಕಡಿಮೆ ಇದ್ದಿದ್ದರೆ ಕೀಟೋನ್ ಏರಬೇಕಿತ್ತು, ಉಪವಾಸದಲ್ಲಿ ಏರಿತ್ತಲ್ಲ. ಇಲ್ಲಿ ಏರಿಲ್ಲ. ಅಂದರೆ ಇನ್ಸುಲಿನ್ ಮೈಯಲ್ಲಿ ಕೆಲಸ ಮಾಡುತ್ತಿದೆ, ಯಂತ್ರಕ್ಕೆ ಕಾಣುತ್ತಿಲ್ಲ. ಹೊಸ ಬಗೆಯ ಕೆಲವು ಇನ್ಸುಲಿನ್‌ಗಳನ್ನು ಕೆಲವು ಲ್ಯಾಬ್ ಯಂತ್ರಗಳು ಗುರುತಿಸುವುದಿಲ್ಲವಂತೆ. ಉಳಿದಿದ್ದ ರಕ್ತವನ್ನು ಬೇರೆ ವಿಧಾನದ ಲ್ಯಾಬಿಗೆ ಕಳಿಸಿದರು. ಅಲ್ಲಿ ಇನ್ಸುಲಿನ್ ತುಂಬಾ ಜಾಸ್ತಿ ಬಂತು. ಮೈ ತಾನೇ ಇನ್ಸುಲಿನ್ ವಿರುದ್ಧ ಪ್ರತಿಕಾಯ ಮಾಡಿಕೊಳ್ಳುವ ಒಂದು ಅಪರೂಪದ ಕಾಯಿಲೆಯೂ ಇದೆ, ಅದೂ ಅಲ್ಲ ಅಂತ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಂಡರು.

ಸಿ-ಪೆಪ್ಟೈಡ್ ಯಾಕೆ ಮುಖ್ಯ ಅಂತ ಅವರು ಆಮೇಲೆ ನನಗೆ ಹೇಳಿದ್ದು ಹೀಗೆ. ಮೈ ಇನ್ಸುಲಿನ್ ತಯಾರಿಸುವಾಗ ಅದರ ಜೊತೆಗೇ ಅಷ್ಟೇ ಪ್ರಮಾಣದ ಸಿ-ಪೆಪ್ಟೈಡ್ ಕೂಡ ಬಿಡುತ್ತದೆ. ಮನೆಯಲ್ಲಿ ಶೇಂಗಾ ಸುಲಿದರೆ ಸಿಪ್ಪೆ ಬೀಳಲೇಬೇಕು, ಸುಲಿದ ಬೀಜ ಅಂಗಡಿಯಿಂದ ತಂದರೆ ಸಿಪ್ಪೆ ಇರುವುದಿಲ್ಲ. ತಂಗಿಯ ರಕ್ತದಲ್ಲಿ ಇನ್ಸುಲಿನ್ ಇತ್ತು, ಸಿ-ಪೆಪ್ಟೈಡ್ ಇರಲಿಲ್ಲ. ಹಾಗಾಗಿ ಅದು ಹೊರಗಿಂದ ಬಂದದ್ದು. ಗಡ್ಡೆಯಾಗಿದ್ದರೆ ಎರಡೂ ಜಾಸ್ತಿ ಇರುತ್ತಿದ್ದವು. ಕೆಲವು ಶುಗರ್ ಮಾತ್ರೆಗಳಿಂದಲೂ ಎರಡೂ ಏರುತ್ತವೆ, ಆಗ ಮಾತ್ರೆಯ ಅಂಶವನ್ನೇ ರಕ್ತದಲ್ಲಿ ಹುಡುಕಬೇಕಾಗುತ್ತದೆ. ಮೊದಲು ಕಂಡ ಆ ಚುಕ್ಕೆಗೂ ಇದಕ್ಕೂ ಸಂಬಂಧವೇ ಇರಲಿಲ್ಲ.

ಈ ವಿಷಯವನ್ನು ಡಾಕ್ಟರ್ ಮೊದಲು ನನಗೆ ಹೇಳಲಿಲ್ಲ, ತಂಗಿಗೇ ಹೇಳಿದರು. ಒಬ್ಬ ಮನೋವೈದ್ಯರನ್ನು ಜೊತೆಗೆ ಕೂರಿಸಿಕೊಂಡು, ಬಾಗಿಲು ಹಾಕಿ ಮಾತಾಡಿದರು. ನೀನು ಸುಳ್ಳು ಹೇಳಿದೆ ಅನ್ನಲಿಲ್ಲವಂತೆ. ಪರೀಕ್ಷೆ ಹೀಗೆ ಹೇಳುತ್ತಿದೆ, ಒಳಗೆ ತುಂಬಾ ಸಂಕಟ ಇದ್ದಾಗ ಹೀಗಾಗುವುದನ್ನು ನಾವು ನೋಡಿದ್ದೇವೆ, ನಿಮ್ಮನ್ನು ಕೈಬಿಡುವುದಿಲ್ಲ ಅಂದರಂತೆ. ಅವಳು ಸಿಟ್ಟಾದಳು. ಡಿಸ್ಚಾರ್ಜ್ ಕೊಡಿ ಅಂದಳು. ಇಂಥ ಹೊತ್ತಲ್ಲಿ ಎಷ್ಟೋ ಜನ ಎದ್ದು ಹೋಗಿ ಬೇರೆ ಊರಿನ ಬೇರೆ ಆಸ್ಪತ್ರೆಯಲ್ಲಿ ಮೊದಲಿಂದ ಶುರು ಮಾಡುತ್ತಾರಂತೆ. ಅವಳು ಹೋಗಲಿಲ್ಲ. ಹೊರಗೆ ಬಂದು ನನ್ನನ್ನು ಕೇಳಿದ್ದು ಒಂದೇ, "ನೀನೂ ನನ್ನ ನಂಬಲ್ವಾ ಅಕ್ಕ?"

ಏನಾಗಿದೆ ಅಂತ ನನಗೆ ಆಗ ಇನ್ನೂ ಪೂರ್ತಿ ಗೊತ್ತಿರಲಿಲ್ಲ. "ನಿನ್ನ ಶುಗರ್ ಬಿದ್ದಿದ್ದನ್ನು ನಾನೇ ಕಣ್ಣಾರೆ ನೋಡಿದೀನಿ. ಅದರಲ್ಲಿ ನಂಬದೇ ಇರೋದು ಏನಿದೆ?" ಅಂದೆ. ಈಗಲೂ ನನ್ನ ಮಾತು ಅದೇ. ಅವಳು ಹೇಳಿದ ಕಾರಣ ನಿಜವಾಗಿರಲಿಲ್ಲ. ಆದರೆ 34ಕ್ಕೆ ಇಳಿದ ಶುಗರ್ ನಿಜ. ಅಷ್ಟಕ್ಕೆ ಇಳಿದರೆ ಫಿಟ್ಸ್ ಬರಬಹುದು, ಮಿದುಳಿಗೆ ಏಟು ಬೀಳಬಹುದು, ಜೀವವೇ ಹೋಗಬಹುದು. ಇದನ್ನು ನಾಟಕ ಅಂತ ಕರೆಯುವವರು ಈ ಅಪಾಯವನ್ನು ನೋಡುತ್ತಿಲ್ಲ.

ಅವಳ ಅನುಮತಿ ಪಡೆದ ಮೇಲೆ ಡಾಕ್ಟರ್ ನನ್ನನ್ನು ಕರೆದು ಕೂರಿಸಿ ಎಲ್ಲಾ ಹೇಳಿದರು. ರಜೆ, ವಿಮೆ ದುಡ್ಡು, ಕೋರ್ಟ್ ಕೇಸು ಹೀಗೆ ಏನಾದರೂ ಲಾಭಕ್ಕಾಗಿ ಕಾಯಿಲೆ ನಟಿಸುವವರು ಬೇರೆ. ಪರೀಕ್ಷೆಯಲ್ಲಿ ಏನೂ ಸಿಗದಿದ್ದರೂ ನಿಜವಾಗಿ ಫಿಟ್ಸ್ ತರಹ ಬರುವವರು, ಕೈಕಾಲು ಸೋಲುವವರು ಬೇರೆ. ಅವರು ಬೇಕಂತ ಏನೂ ಮಾಡುತ್ತಿರುವುದಿಲ್ಲ. ಹೊರಗೆ ಕಾಣುವ ಲಾಭ ಏನೂ ಇಲ್ಲದೆ, ರೋಗಿಯಾಗಿ ಇರುವುದಕ್ಕಾಗಿಯೇ ಮೈಗೆ ಅಪಾಯ ಮಾಡಿಕೊಳ್ಳುವುದು ಮೂರನೆಯದು. ಇದೇ ಒಂದು ಮಾನಸಿಕ ಕಾಯಿಲೆ. 1951ರಲ್ಲಿ ರಿಚರ್ಡ್ ಆಶರ್ ಅನ್ನುವ ಇಂಗ್ಲೆಂಡಿನ ಡಾಕ್ಟರ್ ಇಂಥ ರೋಗಿಗಳ ಬಗ್ಗೆ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದು ಅದಕ್ಕೆ ಮಂಚೌಸೆನ್ ಸಿಂಡ್ರೋಮ್ ಅಂತ ಹೆಸರಿಟ್ಟರು. ಇವತ್ತಿಗೂ ಇದನ್ನು ಹಿಡಿಯುವುದು ಕಷ್ಟವೇ. ರೋಗಿ ಹೇಳಿದ್ದನ್ನು ನಂಬುವುದರಿಂದಲೇ ನಮ್ಮ ಕೆಲಸ ಶುರುವಾಗುತ್ತದೆ ಅಂದರು ನಮ್ಮ ಡಾಕ್ಟರ್. ಎಲ್ಲರನ್ನೂ ಅನುಮಾನದಿಂದ ನೋಡಿದರೆ ನಿಜವಾದ ರೋಗಿಗಳಿಗೆ ಅನ್ಯಾಯ. ಏನನ್ನೂ ಪ್ರಶ್ನಿಸದಿದ್ದರೆ ಆರೋಗ್ಯವಾಗಿರುವ ಅಂಗವನ್ನೇ ಕೊಯ್ದು ತೆಗೆಯಬೇಕಾಗಬಹುದು. ತಂಗಿಯ ವಿಷಯದಲ್ಲಿ ಅದು ಒಂದು ಸಹಿಯಷ್ಟು ದೂರದಲ್ಲಿತ್ತು.

ಅವರ ಬಗ್ಗೆ ನನಗೆ ಗೌರವ ಹೆಚ್ಚಾಗಿದ್ದಕ್ಕೆ ಇನ್ನೊಂದು ಕಾರಣವಿದೆ. ಅನುಮಾನ ಬಂದ ಮೇಲೂ ಅವಳ ಬ್ಯಾಗನ್ನು ಕದ್ದು ಹುಡುಕಲಿಲ್ಲ, ಹುಡುಕಲು ನಮಗೂ ಹೇಳಲಿಲ್ಲ. ರಕ್ತ ಪರೀಕ್ಷೆಯಿಂದಲೇ ಖಚಿತ ಮಾಡಿಕೊಂಡರು.

ಮನೆಯಲ್ಲಿ ಹೇಳುವುದು ಆಸ್ಪತ್ರೆಗಿಂತ ಕಷ್ಟವಾಯಿತು. ಒಟ್ಟು ಖರ್ಚು ಎರಡೂವರೆ ಲಕ್ಷ ದಾಟಿತ್ತು. ಅಣ್ಣ ಕೂಗಾಡಿದ. ಅವನ ಸಿಟ್ಟು ನ್ಯಾಯವಾದದ್ದೇ. ಆದರೆ ಎದುರಿಗೆ ಕೂರಿಸಿ ಒಪ್ಪಿಸುತ್ತೇನೆ ಅಂತ ಹೊರಟಾಗ ನಾನು ಬಿಡಲಿಲ್ಲ. ಮನೋವೈದ್ಯರು ಖಡಾಖಂಡಿತವಾಗಿ ಹೇಳಿದ್ದರು: ತಪ್ಪೊಪ್ಪಿಗೆ ಬೇಡ, ಚಿಕಿತ್ಸೆಗೆ ಬರುವುದು ಸಾಕು. ಸಿಕ್ಕಿಬಿದ್ದೆ ಅನ್ನುವ ನಾಚಿಕೆಯಲ್ಲಿ ಜೀವಕ್ಕೆ ಅಪಾಯ ಮಾಡಿಕೊಳ್ಳುವ ಸಾಧ್ಯತೆ ಇರುತ್ತದೆ. ಹಾಗಾಗಿ ಮೊದಲ ಕೆಲವು ವಾರ ಅವಳನ್ನು ಒಂಟಿಯಾಗಿ ಬಿಡಲಿಲ್ಲ. ಅವ್ವನ ಇನ್ಸುಲಿನ್ ಮತ್ತು ಮಾತ್ರೆಗಳನ್ನು ಪಕ್ಕದ ಬೀದಿಯ ಚಿಕ್ಕಮ್ಮನ ಮನೆಯ ಫ್ರಿಜ್ಜಿಗೆ ಸಾಗಿಸಿದೆವು. ಅತ್ತಿಗೆ ಹೊತ್ತು ಹೊತ್ತಿಗೆ ಹೋಗಿ ತಂದು ಕೊಡುತ್ತಾರೆ. ಇದನ್ನು ತಂಗಿಗೆ ಹೇಳಿಯೇ ಮಾಡಿದೆವು. ಚಿಕ್ಕಮ್ಮನಿಗೆ ಫ್ರಿಜ್ ಕೆಟ್ಟಿದೆ ಅಂತ ಮಾತ್ರ ಹೇಳಿದ್ದೇವೆ.

ಚಿಕಿತ್ಸೆ ಅಂದರೆ ಇದಕ್ಕೆ ಅಂತ ಒಂದು ಮಾತ್ರೆ ಇಲ್ಲ. ಜೊತೆಗೆ ಖಿನ್ನತೆ ಇದ್ದರೆ ಅದಕ್ಕೆ ಔಷಧಿ ಕೊಡುತ್ತಾರೆ, ತಂಗಿಗೂ ಕೊಟ್ಟರು. ಉಳಿದದ್ದು ಮಾತು, ಮತ್ತೆ ಮಾತು. ಚಿಕ್ಕವಳಿದ್ದಾಗ ತೊಡೆ ಮೂಳೆ ಮುರಿದು ಅವಳು ತಿಂಗಳುಗಟ್ಟಲೆ ಮಲಗಿದ್ದಳು. ಆಗ ಅಪ್ಪ ದಿನಾ ಕೆಲಸದಿಂದ ನೇರ ಅವಳ ಹಾಸಿಗೆ ಹತ್ತಿರ ಬರುತ್ತಿದ್ದರು. ಅಪ್ಪ ಈಗಿಲ್ಲ. ಅವ್ವನನ್ನು ನೋಡಿಕೊಂಡ ಅಷ್ಟೂ ಕಾಲ ಅವಳನ್ನು ಹೇಗಿದ್ದೀಯಾ ಅಂತ ಕೇಳಿದವರು ಕಡಿಮೆ. ಇದನ್ನೆಲ್ಲ ನಾನೇ ಜೋಡಿಸಿ ಹೇಳಿದಾಗ ಮನೋವೈದ್ಯರು ತಡೆದರು. "ಒಂದೇ ಕಾರಣ ಹುಡುಕಬೇಡಿ ಮೇಡಂ, ಸಿಗಲ್ಲ. ಅವರು ಹುಷಾರಾಗಿರೋ ದಿನಾನೂ ಫೋನ್ ಮಾಡಿ" ಅಂದರು. ಅದನ್ನು ನಾನು ಪಾಲಿಸುತ್ತಿದ್ದೇನೆ. ಡಾಕ್ಟರ್ ಭೇಟಿಯೂ ಹಾಗೇ ಇದೆ. ಕಾಯಿಲೆ ಬಂದಾಗಲ್ಲ, ಗೊತ್ತಾದ ದಿನಕ್ಕೆ. ಹುಷಾರಿದ್ದರೂ ಹೋಗಬೇಕು, ಎಲ್ಲಾ ಕಾಯಿಲೆಗೂ ಒಬ್ಬರೇ ಫಿಸಿಶಿಯನ್ ಹತ್ತಿರ ಹೋಗಬೇಕು.

ಬೆಂಗಳೂರಿಗೆ ಬರಲಾಗದವರು ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಂದ ಶುರು ಮಾಡಬಹುದು. ರಾತ್ರಿ ಹೊತ್ತು ದಿಕ್ಕು ತೋಚದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ. ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡು ಇಲ್ಲ. ಮನೆಯವರೂ ಮಾಡಬಹುದು.

ವಿಮೆ ಬಗ್ಗೆ ಒಂದು ಮಾತು. ಮೊದಲು ಆಸ್ಪತ್ರೆಗೆ ದಾಖಲಾದಾಗಿನ ಬಿಲ್ಲುಗಳ ದುಡ್ಡು ವಿಮೆಯಿಂದ ಬಂತು. ಕಾರಣ ಗೊತ್ತಾದ ಮೇಲಿನ ಬಿಲ್ಲನ್ನು ತಾವೇ ಮಾಡಿಕೊಂಡ ಗಾಯಕ್ಕೆ ವಿಮೆ ಇಲ್ಲ ಅನ್ನುವ ಕಲಂ ತೋರಿಸಿ ಕಂಪನಿ ತಿರಸ್ಕರಿಸಿತು. 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯ 21ನೇ ಸೆಕ್ಷನ್ ಪ್ರಕಾರ, ದೈಹಿಕ ಕಾಯಿಲೆಗೆ ಇರುವ ಹಾಗೇ ಮಾನಸಿಕ ಕಾಯಿಲೆಗೂ ವಿಮೆ ಸಿಗಬೇಕು. ಮೊದಲು ಕಂಪನಿಗೆ ಲಿಖಿತ ದೂರು ಕೊಡಬೇಕು. ಅವರು ಒಂದು ತಿಂಗಳಲ್ಲಿ ಉತ್ತರ ಕೊಡದಿದ್ದರೆ ಅಥವಾ ಒಪ್ಪದಿದ್ದರೆ ವಿಮೆ ದೂರುಗಳನ್ನು ವಿಚಾರಿಸುವ ಅಧಿಕಾರಿಯಾದ ವಿಮಾ ಒಂಬುಡ್ಸ್‌ಮನ್ ಹತ್ತಿರ ಹೋಗಬಹುದು. ಅದಕ್ಕೆ ಶುಲ್ಕ ಇಲ್ಲ, ಬೆಂಗಳೂರಿನಲ್ಲೇ ಕಚೇರಿ ಇದೆ. ನಾವು ಮುಂದುವರಿಯಲಿಲ್ಲ. ತನ್ನ ಫೈಲ್ ಇನ್ನಷ್ಟು ಜನರ ಮೇಜಿನ ಮೇಲೆ ಹೋಗುವುದು ತಂಗಿಗೆ ಬೇಡವಾಗಿತ್ತು. ನಿಮಗೆ ಮನಸ್ಸಿದ್ದರೆ ಬಿಡಬೇಡಿ.

ನಾವು ಸ್ವಲ್ಪವೂ ಊಹಿಸದೇ ಇದ್ದ ತೊಂದರೆ ಬಂದದ್ದು ಮಳೆಗಾಲದಲ್ಲಿ. ತಂಗಿಗೆ ಜ್ವರ, ಮೈಕೈ ನೋವು, ವಾಂತಿ. ಒಂದು ಆಸ್ಪತ್ರೆಯಲ್ಲಿ ಹಳೇ ಡಿಸ್ಚಾರ್ಜ್ ಸಮರಿ ನೋಡಿದ ಡ್ಯೂಟಿಯವರು ಅವಳೆದುರೇ ಒಬ್ಬರ ಮುಖ ಒಬ್ಬರು ನೋಡಿ ನಕ್ಕರು. ಪ್ಯಾರಾಸಿಟಮಾಲ್ ಬರೆದು ಕಳಿಸಿದರು. ಅದು ಡೆಂಗಿ. ಪ್ಲೇಟ್‌ಲೆಟ್ ಇಳಿದ ಮೇಲೆ ಬೇರೆ ಕಡೆ ದಾಖಲು ಮಾಡಿದೆವು. ಅವತ್ತು ಅಣ್ಣ, ತಂಗಿಯ ಮೇಲೆ ಅಷ್ಟು ಸಿಟ್ಟಾಗಿದ್ದ ಅದೇ ಅಣ್ಣ, ಆ ಆಸ್ಪತ್ರೆಗೆ ವಾಪಸ್ ಹೋಗಿ ಜಗಳ ಮಾಡಿ ಬಂದ. ಒಂದು ಸಲ ಸುಳ್ಳು ಹೇಳಿದವರಿಗೂ ಜ್ವರ ಬರುತ್ತದೆ, ಅಪೆಂಡಿಕ್ಸ್ ಊದುತ್ತದೆ. ಇದನ್ನು ಓದುವ ಡಾಕ್ಟರ್‌ಗಳು, ಸಿಸ್ಟರ್‌ಗಳು ಇದ್ದರೆ ಕೈಮುಗಿದು ಕೇಳುತ್ತೇನೆ, ದಯವಿಟ್ಟು ಪ್ರತಿ ಸಲವೂ ಹೊಸದಾಗಿ ನೋಡಿ.

ಆ ಡೆಂಗಿ ಆದ ಮೇಲೆ ನಮ್ಮ ಎಂಡೋಕ್ರೈನಾಲಜಿಸ್ಟ್ ಇನ್ನೊಂದು ಪತ್ರ ಬರೆದುಕೊಟ್ಟರು. ಈಗ ಅದು ತಂಗಿಯ ಪರ್ಸಲ್ಲೇ ಇರುತ್ತದೆ, ಒಂದು ಪ್ರತಿ ನನ್ನ ಫೋನಲ್ಲಿದೆ. ಅದರಲ್ಲಿ ಇರುವುದು ಇಷ್ಟು: ತುರ್ತು ಇದ್ದರೆ ಮೊದಲು ಚಿಕಿತ್ಸೆ ಕೊಡಿ. ಶುಗರ್ ಕಡಿಮೆ ಇದ್ದರೆ ಡೆಕ್ಸ್‌ಟ್ರೋಸ್ ಮುಂಚೆ ರಕ್ತ ತೆಗೆದಿಡಿ. ಪರೀಕ್ಷಿಸಿ ನೋಡದೆ ವಾಪಸ್ ಕಳಿಸಬೇಡಿ. ದೊಡ್ಡ ಸ್ಕ್ಯಾನ್ ಅಥವಾ ಆಪರೇಶನ್‌ಗೆ ಮುಂಚೆ ಈ ನಂಬರಿಗೆ ಫೋನ್ ಮಾಡಿ. ಕೆಳಗೆ ಡಾಕ್ಟರ್ ಸಹಿ, ಪಕ್ಕದಲ್ಲಿ ತಂಗಿಯ ಸಹಿ. ನಿಮ್ಮ ಡಾಕ್ಟರ್ ಹತ್ತಿರವೂ ಇಂಥದ್ದೊಂದು ಬರೆಸಿಕೊಳ್ಳಿ. ಅದನ್ನು ರೋಗಿಗೆ ಓದಿ ತೋರಿಸಿ, ಒಪ್ಪಿದ ಮೇಲೆಯೇ ಸಹಿ ಹಾಕಿಸಿ.